ಗಾಳಿ ಸೋಕಿದ ಕೂಸು

ಅಂಕೋಲೆಯಿಂದ ಕಾರವಾರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಬಲಕ್ಕೆ ಸಹ್ಯಾದ್ರಿಯ ಚಾಚುಗಳೂ ಎಡಕ್ಕೆ ಅರಬ್ಬೀ ಸಮುದ್ರವೂ ಒಂದನ್ನೊಂದು ಮುಟ್ಟುವಷ್ಟು ಸಮೀಪಕ್ಕೆ ಬಂದಿರುವ ಕಿರಿದಾದ ನೆಲದ ಮೇಲೆ, ಅವರ್ಸಾ ಎಂಬ ನಮ್ಮ ಊರಿದೆ. ಕಾತ್ಯಾಯನಿ ಬಾಣೇಶ್ವರ ದೇವಸ್ಥಾನದ ದೆಸೆಯಿಂದ ದೂರದೂರದ ಕುಳಾವಿಗಳಿಗೆ, ಎಂದರೆ ಆ ದೇವರನ್ನು ಕುಲದೇವರೆಂದು ನಂಬಿದ ಮನೆತನಗಳಿಗೆ, ಪರಿಚಿತವಾದ, ಗದ್ದೆ ತೆಂಗು ಮೀನುಗಳನ್ನು ನೆಚ್ಚಿ ಬದುಕುವ, ಕನ್ನಡವೂ ಕೊಂಕಣಿಯೂ ಒಂದೇ ಅಂಗಳದಲ್ಲಿ ಕೇಳಿಬರುವ ಈ ಊರಿನಲ್ಲಿ, ಗಾಳಿ ಎಂಬ ಮಾತಿಗೆ ಇರುವ ಅರ್ಥಗಳು ಅನೇಕ. ದೋಣಿಯನ್ನು ದಡಕ್ಕೆ ತರುವುದು ಗಾಳಿ, ಮಳೆಗಾಲದಲ್ಲಿ ತೆಂಗಿನ ಮರವನ್ನು ಮಾಡಿನ ಮೇಲೆ ಕೆಡಹುವುದು ಗಾಳಿ. ಸಂಜೆಯ ಹೊತ್ತು ಒಬ್ಬಂಟಿಯಾಗಿ ಹೋದವರನ್ನು ಹಿಡಿಯುವುದೆಂದು ಜನ ಅಂಜುತ್ತಿದ್ದ, ಹೆಸರಿಲ್ಲದ, ರೂಪವಿಲ್ಲದ ಸೋಂಕು ಸಹ ಗಾಳಿಯೇ. ಹುಟ್ಟಿದ ಮರುದಿನವೇ ಕೂಸು ಮೊಲೆ ಬಿಟ್ಟು, ಕುಡಿದದ್ದು ನಿಲ್ಲದೆ, ಹೊಟ್ಟೆ ಉಬ್ಬರಿಸಿ, ಬಾಯಿಂದ ಹಸಿರು ನೀರು ಕಾರಿತೆಂದರೆ, ಜಗಲಿಯ ಮೇಲಿದ್ದ ಹಿರಿಯರು ದನಿ ತಗ್ಗಿಸಿ ಹೇಳುತ್ತಿದ್ದ ಮಾತು ಒಂದೇ: ಕೂಸಿಗೆ ಗಾಳಿ ಸೋಕಿದೆ.

ಆ ಮಾತನ್ನು ನೆನೆದಾಗಲೆಲ್ಲ ನನ್ನ ಮನಸ್ಸಿಗೆ ಬೆರಗಾಗುತ್ತದೆ. ಏಕೆಂದರೆ, ಆ ಕೂಸಿನ ಒಡಲನ್ನು ನಿಜವಾಗಿಯೂ ಒಂದು ಗಾಳಿ ಹೊಕ್ಕಿತ್ತು; ಹುಟ್ಟಿದೊಡನೆ ಅತ್ತಾಗ, ಉಸಿರಿನೊಡನೆ ಅದು ತಾನೇ ನುಂಗಿದ, ನಿರಪರಾಧಿಯಾದ, ನಮ್ಮ ನಿಮ್ಮೆಲ್ಲರ ಗಾಳಿ ಅದು. ಕರುಳು ಎಲ್ಲಿ ಮುಚ್ಚಿಕೊಂಡಿದೆ, ಎಲ್ಲಿ ತಿರುಚಿಕೊಂಡಿದೆ ಎಂಬ ಸಂಗತಿಯನ್ನು ಹೇಳಬಲ್ಲ ಸಾಕ್ಷಿ ಲೋಕದಲ್ಲಿ ಅದೊಂದೇ ಇತ್ತು. ಆ ಸಾಕ್ಷಿಯ ಮಾತನ್ನು ಕೇಳಿಸಿಕೊಳ್ಳುವ ವಿದ್ಯೆಯನ್ನು ಮನುಷ್ಯರು ಕಲಿತು ಇನ್ನೂ ನೂರು ವರ್ಷ ತುಂಬಿಲ್ಲ. ಆ ವಿದ್ಯೆ ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ನಮ್ಮ ಈ ಕರಾವಳಿಯ ಪಟ್ಟಿಗೆ ಎಷ್ಟು ತಡವಾಗಿ ಬಂದು ಮುಟ್ಟಿತು ಎಂಬುದನ್ನು ನೆನಪಿಸಿಕೊಳ್ಳುವುದು ಈ ಬರೆಹದ ಉದ್ದೇಶ.

ಕ್ಷ-ಕಿರಣದ ಯಂತ್ರಕ್ಕಿಂತ ಬಹು ಮೊದಲೇ, ನವಜಾತ ಶಿಶುವಿನ ಒಡಲನ್ನು ಪರೀಕ್ಷಿಸುವ ಕಣ್ಣೊಂದು ಪ್ರತಿಯೊಂದು ಮನೆಯ ಬಚ್ಚಲಲ್ಲಿಯೂ ಇದ್ದಿತು. ಹಂಡೆಯ ನೀರು ಕಾದು ಹೊಗೆಯಾಡುತ್ತಿರಲು, ಸೂಲಗಿತ್ತಿಯಾದ ಅಜ್ಜಿ ಮಣೆಯ ಮೇಲೆ ಕುಳಿತು, ಎರಡು ಕಾಲುಗಳನ್ನು ನೀಡಿ, ಕೂಸನ್ನು ಮೊಣಕಾಲಿನ ಕೆಳಗಿನ ಇಳಿಜಾರಿನಲ್ಲಿ ಮಲಗಿಸಿಕೊಂಡು, ಕೊಬ್ಬರಿ ಎಣ್ಣೆಯನ್ನು ನೆತ್ತಿಯಿಂದ ಅಂಗಾಲಿನವರೆಗೆ ಸವರುವಳು. ನೋಡುವವರಿಗೆ ಅದು ಸ್ನಾನ. ಅವಳಿಗೆ ಅದು ಪರೀಕ್ಷೆ. ಅಂಗುಳ ಸೀಳಿದೆಯೇ, ಬೆನ್ನಿನ ನಡುವೆ ಗುಳ್ಳೆಯಿದೆಯೇ, ಪಾದ ಒಳಕ್ಕೆ ತಿರುಗಿದೆಯೇ ಎಂದು ಬೆರಳುಗಳೇ ನೋಡುತ್ತಿದ್ದವು. ಕೂಸನ್ನು ಬೋರಲು ಮಾಡಿ ಬೆನ್ನು ತಿಕ್ಕುವಾಗ ಮಲದ್ವಾರವು ಇರಬೇಕಾದಲ್ಲಿ ಇದೆಯೋ ಇಲ್ಲವೋ ಎಂಬುದು ತಿಳಿದುಹೋಗುತ್ತಿತ್ತು. ಮರುದಿನ ಹೊಸಿಲು ದಾಟುವ ಮೊದಲೇ ಅವಳು ಬಾಣಂತಿಯನ್ನು ಕೇಳುತ್ತಿದ್ದ ಪ್ರಶ್ನೆ, "ಕೂಸಿಗೆ ಹೊರಕಡೆ ಆಯ್ತಾ ತಂಗೀ?" ಎಂಬುದು. ಹುಟ್ಟಿದ ಮೇಲೆ ಕೂಸು ಮೊದಲ ಸಲ ಬಿಡುವ, ಡಾಂಬರಿನಂತೆ ಕಪ್ಪಗೆ ಜಿಗುಟಾಗಿರುವ ಮಲವನ್ನು ಬಟ್ಟೆಯ ಮೇಲೆ ಕಂಡರೆ ಅವಳಿಗೆ ನೆಮ್ಮದಿ. ಕಾಣದಿದ್ದರೆ ಅವಳ ಮುಖ ಬಾಡುತ್ತಿತ್ತು. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು 24 ತಾಸಿನೊಳಗೆ ಆ ಮಲವನ್ನು ವಿಸರ್ಜಿಸುತ್ತವೆಂದೂ, 48 ತಾಸು ಕಳೆದರೂ ಆಗದಿದ್ದಲ್ಲಿ ಕಾರಣವನ್ನು ಹುಡುಕಲೇಬೇಕೆಂದೂ ಇಂದಿನ ವೈದ್ಯಗ್ರಂಥಗಳು ವಿಧಿಸುತ್ತವೆ. ಅಜ್ಜಿಗೆ ಗ್ರಂಥ ತಿಳಿಯದು. ಪ್ರಶ್ನೆ ಮಾತ್ರ ಅದೇ.

ಆದರೆ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾದಾಗ ಮುಂದೇನು ಎಂಬುದು ಅವಳ ಕೈಯಲ್ಲಿರಲಿಲ್ಲ. ಹರಳೆಣ್ಣೆ ನೆಕ್ಕಿಸುವರು, ಬಜೆ ತೇಯುವರು, ವೀಳ್ಯದೆಲೆಯನ್ನು ಬೆಚ್ಚಗೆ ಮಾಡಿ ಹೊಟ್ಟೆಗೆ ಶಾಖ ಕೊಡುವರು. ಅದರಿಂದಾಗದಿದ್ದರೆ ದೃಷ್ಟಿ ನಿವಾಳಿಸುವರು, ದಾರ ಕಟ್ಟುವರು, ದೇವರಿಗೆ ಹರಕೆ ಹೊರುವರು. ಮುಚ್ಚಿದ ಕರುಳಿಗೆ ಎಣ್ಣೆಯೇನು ಮಾಡೀತು? ಮೂರು ನಾಲ್ಕು ದಿನಗಳಲ್ಲಿ ಕೂಸು ಸೊರಗಿ, ಕಣ್ಣು ಗುಳಿಬಿದ್ದು, ಅಳುವ ದನಿಯೂ ಅಡಗಿಹೋಗುತ್ತಿತ್ತು. ಅದರೊಡನೆ ಮುಗಿಯದ ದುಃಖವೊಂದು ಉಳಿಯುತ್ತಿತ್ತು: ಬಸುರಿಯಾಗಿದ್ದಾಗ ಗ್ರಹಣದ ಹೊತ್ತು ಹೊರಗೆ ಬಂದಳೆಂದೋ, ಹೊತ್ತಲ್ಲದ ಹೊತ್ತಿನಲ್ಲಿ ಹಳ್ಳ ದಾಟಿದಳೆಂದೋ, ಆ ತಾಯಿಯೇ ಅಪರಾಧಿಯಾಗಿ ನಿಲ್ಲುತ್ತಿದ್ದಳು. ಅವಳ ಮೇಲೆ ಬಿದ್ದ ಆ ಅಪವಾದವನ್ನು ತೊಡೆದದ್ದೂ ಇದೇ ಇತಿಹಾಸದ ಒಂದು ಭಾಗವಾಗಿರುವುದರಿಂದ, ಅದನ್ನು ಮುಂದೆ ಹೇಳುವೆನು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಮೌನವಾಗಿದ್ದವರಲ್ಲ. ಮಾತು ಬಾರದ ಶಿಶುವಿನ ನೋವನ್ನು ಅದರ ಚೇಷ್ಟೆಗಳಿಂದ ಊಹಿಸುವ ಬಗೆಯನ್ನು ಕಾಶ್ಯಪಸಂಹಿತೆಯು ವೇದನಾಧ್ಯಾಯವೆಂಬ ಒಂದು ಅಧ್ಯಾಯವನ್ನೇ ಮೀಸಲಿಟ್ಟು ನಿರೂಪಿಸುತ್ತದೆ. ಕರುಳು ಕಟ್ಟಿಕೊಂಡು ಹೊಟ್ಟೆ ಉಬ್ಬುವ ವ್ಯಾಧಿಗೆ ಬದ್ಧಗುದೋದರವೆಂದು ಹೆಸರಿಟ್ಟ ಸುಶ್ರುತಸಂಹಿತೆಯು, ನಾಭಿಯ ಕೆಳಗೆ ಎಡಗಡೆಯಲ್ಲಿ ಉದರವನ್ನು ಸೀಳಿ, ನಾಲ್ಕು ಅಂಗುಲದಷ್ಟು ಕರುಳನ್ನು ಹೊರತೆಗೆದು ನೋಡಿ, ಅಡ್ಡಿಯಾದುದನ್ನು ತೆಗೆದು, ಜೇನುತುಪ್ಪ ಮತ್ತು ತುಪ್ಪವನ್ನು ಲೇಪಿಸಿ ಮರಳಿ ಒಳಗಿಟ್ಟು ಹೊಲಿಯಬೇಕೆಂದೂ, ಛಿದ್ರವಾದ ಕರುಳಿನ ಅಂಚುಗಳನ್ನು ಕರಿಯಿರುವೆಗಳಿಂದ ಕಚ್ಚಿಸಿ ಕೂಡಿಸಬೇಕೆಂದೂ ವಿಧಿಸಿದ ಪರಿಯನ್ನು ಓದುವಾಗ, ಆ ಕಾಲದ ಶಸ್ತ್ರವೈದ್ಯರ ಧೈರ್ಯಕ್ಕೆ ತಲೆ ಬಾಗುತ್ತದೆ. ಆದರೆ ಅದು ಬೆಳೆದ ರೋಗಿಗೆ ಹೇಳಿದ ವಿಧಿ; ಅಕ್ಕಿಯ ಸಣ್ಣ ಗಂಟಿನಂತೆ ಅಂಗೈಯಲ್ಲಿ ಅಡಗುವ ಕೂಸಿಗೆ ಹೇಳಿದ್ದಲ್ಲ.

ಪಾಶ್ಚಾತ್ಯ ದೇಶಗಳಲ್ಲಿಯೂ ಈ ವಿದ್ಯೆಯು ಮೊದಲು ಬೆಳೆದದ್ದು ಸತ್ತ ಮಕ್ಕಳಿಂದ. ತೆಳ್ಳಗಿನ ಪೊರೆಯೊಂದು ಮಲದ್ವಾರವನ್ನು ಮುಚ್ಚಿದ್ದರೆ ಅದನ್ನು ಹರಿದು ಬಿಡಿಸಬಹುದೆಂಬುದು ಏಳನೆಯ ಶತಮಾನದ ಗ್ರೀಕ್ ವೈದ್ಯ ಈಜಿನಾದ ಪೌಲನಿಗೆ ತಿಳಿದಿತ್ತು. ಅದಕ್ಕಿಂತ ಮೇಲೆ ಮುಚ್ಚಿದ್ದರೆ ಅವನಿಗೂ ದಾರಿಯಿರಲಿಲ್ಲ. 1710ರಲ್ಲಿ ಪ್ಯಾರಿಸ್ಸಿನ ಲಿತ್ರೆ ಎಂಬಾತನು ಆರು ದಿನ ಬದುಕಿ ತೀರಿಕೊಂಡ ಶಿಶುವೊಂದರ ಒಡಲನ್ನು ಪರಿಶೀಲಿಸಿ, ಮುಚ್ಚಿದ ಕರುಳಿನ ಮೇಲ್ತುದಿಯನ್ನು ಹೊಟ್ಟೆಯ ಚರ್ಮಕ್ಕೆ ತಂದು ಹೊಲಿದಿದ್ದರೆ ಈ ಜೀವ ಉಳಿಯಬಹುದಾಗಿತ್ತಲ್ಲವೇ ಎಂದು ಚಿಂತಿಸಿದನು. ಆ ಚಿಂತೆಯು ಕಾರ್ಯವಾಗಲು ಎಂಬತ್ತಮೂರು ವರ್ಷ ಬೇಕಾಯಿತು: 1793ರಲ್ಲಿ ಬ್ರೆಸ್ಟ್ ಬಂದರಿನ ದ್ಯುರೆ ಎಂಬ ಶಸ್ತ್ರವೈದ್ಯನು ಮೂರು ದಿನದ ಕೂಸಿಗೆ ಅದೇ ಕ್ರಮದಲ್ಲಿ ಹೊಟ್ಟೆಯ ಮೇಲೆ ದ್ವಾರವನ್ನು ನಿರ್ಮಿಸಿದನು, ಆ ಕೂಸು ನಲವತ್ತೈದು ವರ್ಷ ಬಾಳಿತು. 1733ರಲ್ಲಿ ಎಡಿನ್‌ಬರೋದಿಂದ ಕಾಲ್ಡರ್ ಎಂಬಾತನು, ಜಠರದ ಮುಂದಿನ ಹನ್ನೆರಡು ಬೆರಳಗಲದ ಕರುಳು, ಎಂದರೆ ಡ್ಯುಯೊಡಿನಮ್ ಎಂಬ ಭಾಗವು, ಹುಟ್ಟುತ್ತಲೇ ಮುಚ್ಚಿರಬಹುದೆಂದು ಮೊದಲ ಬಾರಿಗೆ ಬರೆದನು. 1886ರಲ್ಲಿ ಕೋಪನ್‌ಹೇಗನ್ನಿನ ಹಿರ್ಷ್‌ಸ್ಪ್ರುಂಗ್ ಎಂಬ ಮಕ್ಕಳ ವೈದ್ಯನು, ಮಲ ಹೊರಬರದೆ ಹೊಟ್ಟೆ ಉಬ್ಬಿ ಮಡಿದ ಇಬ್ಬರು ಶಿಶುಗಳ ವೃತ್ತಾಂತವನ್ನು ಬರ್ಲಿನ್ನಿನ ಸಭೆಯಲ್ಲಿ ನಿವೇದಿಸಿದನು. ಇವರೆಲ್ಲರ ಜ್ಞಾನವೂ ಸತ್ಯವೇ. ಆದರೆ ಅದು ಬಹುಪಾಲು ತೊಟ್ಟಿಲು ಬರಿದಾದ ಮೇಲೆ ಬಂದ ಜ್ಞಾನ. ಜೀವವಿರುವ ಕೂಸಿನ ಒಡಲನ್ನು ಸೀಳದೆ ನೋಡುವ ಉಪಾಯ ಯಾರಿಗೂ ತಿಳಿದಿರಲಿಲ್ಲ.

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ಪಟ್ಟಣದಲ್ಲಿ ಪ್ರಾಧ್ಯಾಪಕ ರೋಂಟ್ಗೆನ್ ಎಂಬುವರು, ಕರಿಯ ಕಾಗದದಿಂದ ಮುಚ್ಚಿದ ಗಾಜಿನ ಕೊಳವೆಯಲ್ಲಿ ವಿದ್ಯುತ್ತನ್ನು ಹರಿಸುತ್ತಿರಲು, ದೂರದಲ್ಲಿದ್ದ ರಾಸಾಯನಿಕ ಲೇಪದ ಪರದೆಯು ತಾನಾಗಿ ಮಿನುಗಿದುದನ್ನು ಕಂಡರು. ಆ ಅಜ್ಞಾತ ಕಿರಣಕ್ಕೆ ಗಣಿತದವರ ಅಜ್ಞಾತ ಸಂಖ್ಯೆಯ ಗುರುತನ್ನೇ ಹೆಸರಾಗಿ ಕೊಟ್ಟರು. ಕನ್ನಡದಲ್ಲಿ ಅದು ಕ್ಷ-ಕಿರಣವಾಯಿತು. ಆರು ವಾರಗಳ ಬಳಿಕ ತಮ್ಮ ಪತ್ನಿಯ ಕೈಯ ಮೂಳೆಗಳನ್ನೂ ಬೆರಳಿನ ಉಂಗುರವನ್ನೂ ಅವರು ಪಟದ ಮೇಲೆ ಮೂಡಿಸಿದರು. 1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು. ತಮ್ಮ ಶೋಧದ ಮೇಲೆ ಅವರು ಹಕ್ಕುಪತ್ರವನ್ನು ಪಡೆಯಲಿಲ್ಲ.

ಮೂಳೆ ಕಂಡಿತು, ಗುಂಡು ಕಂಡಿತು, ಮಗು ನುಂಗಿದ ನಾಣ್ಯ ಕಂಡಿತು. ಕರುಳು ಮಾತ್ರ ಕಾಣಲಿಲ್ಲ. ಕರುಳೂ ಅದರ ಸುತ್ತಣ ಮಾಂಸವೂ ಕಿರಣವನ್ನು ಹೆಚ್ಚುಕಡಿಮೆ ಒಂದೇ ಸಮನಾಗಿ ತಡೆಯುವುದರಿಂದ, ಪಟದಲ್ಲಿ ಎರಡೂ ಒಂದೇ ಬೂದು ಮಂಜಾಗಿ ಬೆರೆತುಹೋಗುತ್ತವೆ. ಕರುಳಿನೊಳಗೆ ಅದಕ್ಕಿಂತ ಭಿನ್ನವಾದ ವಸ್ತುವನ್ನು ತುಂಬಿದರೆ ಅದರ ಆಕಾರ ಮೂಡೀತೆಂದು ಯೋಚಿಸಿದ ಅಮೆರಿಕದ ವಾಲ್ಟರ್ ಕ್ಯಾನನ್, ಹಾರ್ವರ್ಡಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಹೆಬ್ಬಾತುಗಳಿಗೂ ಬೆಕ್ಕುಗಳಿಗೂ ಬಿಸ್ಮತ್ ಬೆರೆಸಿದ ಆಹಾರವನ್ನು ತಿನ್ನಿಸಿ, ಅದು ಇಳಿಯುವ ಪರಿಯನ್ನು ಕಣ್ಣಾರೆ ಕಂಡನು. 1910ರ ಸುಮಾರಿಗೆ ಬಿಸ್ಮತ್ತಿನ ಸ್ಥಾನಕ್ಕೆ ನಿರಪಾಯಕರವಾದ ಬೇರಿಯಮ್ ಸಲ್ಫೇಟ್ ಬಂದಿತು. ದೊಡ್ಡವರ ಹೊಟ್ಟೆಯ ಶಾಸ್ತ್ರ ಇದರಿಂದ ಬೆಳೆಯಿತು. ಆದರೆ ಕಾರಿಕೊಳ್ಳುತ್ತಿರುವ ಎರಡು ದಿನದ ಕೂಸಿಗೆ ಸುಣ್ಣದ ನೀರಿನಂಥ ಬೇರಿಯಮ್ ಕುಡಿಸಿದರೆ ಅದು ಉಸಿರಿನ ನಾಳಕ್ಕೆ ಹೋದೀತೆಂಬ ಅಂಜಿಕೆ ಇತ್ತು.

ಆ ಹೊತ್ತಿಗೆ ವೈದ್ಯರ ಗಮನ ಸೆಳೆದದ್ದೇ ಗಾಳಿ. ಗಾಳಿಯು ಕ್ಷ-ಕಿರಣವನ್ನು ತಡೆಯುವುದಿಲ್ಲವಾದ ಕಾರಣ, ಅದು ಇರುವ ಜಾಗವೆಲ್ಲ ಪಟದಲ್ಲಿ ಕಪ್ಪಾಗಿ ಎದ್ದು ತೋರುತ್ತದೆ. ತಾಯಿಯ ಗರ್ಭದಲ್ಲಿ ಕೂಸಿನ ಕರುಳಿನೊಳಗೆ ಗಾಳಿಯ ಕಣವೂ ಇರುವುದಿಲ್ಲ. ಹುಟ್ಟಿ ಅತ್ತ ಕೆಲವೇ ನಿಮಿಷಗಳಲ್ಲಿ ಅದು ಜಠರವನ್ನು ತುಂಬುತ್ತದೆ. ಮೂರು ತಾಸಿನ ಸುಮಾರಿಗೆ ಸಣ್ಣಕರುಳಿನ ಬಹುಭಾಗವನ್ನು ವ್ಯಾಪಿಸುತ್ತದೆ. ಎಂಟೊಂಬತ್ತು ತಾಸಿಗೆ ದೊಡ್ಡಕರುಳಿನ ಕೊನೆಯ ಬಾಗನ್ನು ಮುಟ್ಟುತ್ತದೆ. ಒಂದು ಹಗಲು ಒಂದು ಇರುಳು ಕಳೆಯುವುದರೊಳಗೆ ಗುದನಾಳಕ್ಕೆ ಇಳಿದಿರುತ್ತದೆ. ಯಾರೂ ಕುಡಿಸಬೇಕಾಗಿಲ್ಲದ, ಯಾವ ಅಪಾಯವನ್ನೂ ತಾರದ ಮಸಿಯಿಂದ, ಪ್ರತಿಯೊಂದು ಕೂಸೂ ತನ್ನ ಕರುಳಿನ ನಕ್ಷೆಯನ್ನು ತಾನೇ ಬರೆದುಕೊಳ್ಳುತ್ತದೆಯೆಂದಾಯಿತು. ದಾರಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಗಾಳಿಯೂ ನಿಲ್ಲುತ್ತದೆ.

ಈ ಸತ್ಯವನ್ನು ಅತ್ಯಂತ ಸರಳವಾದ ಉಪಾಯವಾಗಿ ಮಾರ್ಪಡಿಸಿದವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಓವನ್ ವ್ಯಾಂಗನ್‌ಸ್ಟೀನ್ ಮತ್ತು ಕಾರ್ಲ್ ರೈಸ್ ಎಂಬ ಶಸ್ತ್ರವೈದ್ಯರು, 1930ರಲ್ಲಿ. ಮಲದ್ವಾರವಿಲ್ಲದೆ ಹುಟ್ಟಿದ ಕೂಸಿನಲ್ಲಿ ಕುರುಡಾಗಿ ಮುಗಿದ ಕರುಳು ಚರ್ಮಕ್ಕೆ ಎಷ್ಟು ಸಮೀಪದಲ್ಲಿದೆ ಎಂಬುದರ ಮೇಲೆ ಶಸ್ತ್ರಚಿಕಿತ್ಸೆಯ ಕ್ರಮವೇ ನಿಂತಿದೆ: ಸಮೀಪದಲ್ಲಿದ್ದರೆ ಕೆಳಗಿನಿಂದಲೇ ಬಿಡಿಸಬಹುದು, ದೂರದಲ್ಲಿದ್ದರೆ ಮೊದಲು ಹೊಟ್ಟೆಯ ಮೇಲೆ ದ್ವಾರವನ್ನು ಮಾಡಿ, ಕೂಸು ಬಲಿತ ಮೇಲೆ ಮುಂದುವರಿಯಬೇಕು. ಆ ಅಂತರವನ್ನು ಅಳೆಯಲು ಅವರು ಮಾಡಿದ್ದಿಷ್ಟೆ: ಮಲದ್ವಾರವಿರಬೇಕಾಗಿದ್ದ ಕುಳಿಯ ಮೇಲೆ ಲೋಹದ ಗುರುತೊಂದನ್ನು ಅಂಟಿಸಿ, ಕೂಸನ್ನು ತಲೆಕೆಳಗಾಗಿ ಹಿಡಿದು, ಪಕ್ಕದಿಂದ ಪಟ ತೆಗೆದರು. ನೀರಿನಲ್ಲಿ ಗುಳ್ಳೆ ಮೇಲೇರುವಂತೆ, ಕರುಳಿನೊಳಗಿನ ಗಾಳಿಯು ಆಗ ಮೇಲಾದ ಕುರುಡು ತುದಿಗೆ ಏರಿ ನಿಲ್ಲುತ್ತದೆ. ಗಾಳಿಯ ಕಪ್ಪು ತುದಿಗೂ ಲೋಹದ ಬಿಳಿಯ ಚುಕ್ಕೆಗೂ ನಡುವಿನ ಅಂತರವೇ ಬೇಕಾದ ಅಳತೆ.

ನಮ್ಮ ನಾಡಿನ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಈ ಪಟವನ್ನು ತೆಗೆಯುತ್ತಿದ್ದ ಪರಿಯನ್ನು ಕಂಡವರು ಅದನ್ನು ಮರೆಯಲಾರರು. ಕಿಟಕಿಗೆ ಕರಿಯ ಬಟ್ಟೆ ಇಳಿಬಿಟ್ಟ ಕೋಣೆ. ಸೀಸದ ಭಾರವಾದ ಮೇಲಂಗಿಯನ್ನು ತೊಟ್ಟು ಗೋಡೆಗೆ ಒತ್ತಿ ನಿಂತ ತಂದೆ. ಅವನ ಎರಡು ಕೈಗಳಲ್ಲಿ ಕಾಲುಗಳು ಮೇಲಾಗಿ ತೂಗುವ, ಅತ್ತು ಅತ್ತು ಕೆಂಪಾದ ಕೂಸು. ಅದರ ಕುಂಡಿಯ ನಡುವೆ ಅಂಟುಪಟ್ಟಿಯಿಂದ ಅಂಟಿಸಿದ ಸಣ್ಣ ನಾಣ್ಯ. ಗಾಳಿ ಮೇಲೇರಲು ಕೆಲವು ನಿಮಿಷ ಕಾಯಬೇಕು. ಆ ನಿಮಿಷಗಳು ತಂದೆಗೆ ಯುಗಗಳು. ಅನಂತರ ಒಂದು ಕ್ಷಣದ ಸದ್ದು. ತೊಳೆದ ಫಿಲ್ಮನ್ನು ನೀರು ತೊಟ್ಟಿಕ್ಕುತ್ತಿರುವಂತೆಯೇ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ವೈದ್ಯರು ಆ ನಾಣ್ಯದ ಬಿಳಿಗೂ ಗಾಳಿಯ ಕಪ್ಪಿಗೂ ನಡುವೆ ಅಳತೆಪಟ್ಟಿ ಇಡುತ್ತಿದ್ದರು. ಹುಟ್ಟಿದ ಹನ್ನೆರಡು ತಾಸಿನ ಮೊದಲೇ ಈ ಪಟ ತೆಗೆದರೆ, ಗಾಳಿಯಿನ್ನೂ ಇಳಿದಿರದ ಕಾರಣ, ಸಮೀಪದಲ್ಲಿರುವ ಕರುಳೂ ದೂರದಲ್ಲಿದ್ದಂತೆ ಮೋಸ ಮಾಡುತ್ತದೆ. ಗಟ್ಟಿಯಾದ ಕಪ್ಪು ಮಲ ತುದಿಯಲ್ಲಿ ಕುಳಿತಿದ್ದರೂ ಹಾಗೆಯೇ. ಯಂತ್ರವನ್ನು ನಡೆಸುವುದಕ್ಕಿಂತ ಕಾಯುವ ಹೊತ್ತನ್ನು ಅರಿಯುವುದು ಮುಖ್ಯವೆಂದು ಕಲಿಸಿದ ಪರೀಕ್ಷೆ ಇದು. ಮುಂದೆ 1953ರಲ್ಲಿ ಮೆಲ್ಬರ್ನ್ ನಗರದ ಡಗ್ಲಸ್ ಸ್ಟೀಫನ್ಸ್, ಚರ್ಮದಿಂದ ಅಳೆಯುವುದಕ್ಕಿಂತ ಸೊಂಟದ ಮೂಳೆಗಳ ನಡುವೆ ಕಲ್ಪಿಸಿದ ರೇಖೆಯಿಂದ ಅಳೆಯುವುದು ನಂಬಿಕೆಗೆ ಹೆಚ್ಚು ಯೋಗ್ಯವೆಂದು ತೋರಿಸಿ, ಈ ಓದುವಿಕೆಯನ್ನು ಇನ್ನೂ ಖಚಿತಗೊಳಿಸಿದರು.

ಮೇಲಿನ ಕರುಳಿನ ದೋಷಗಳಿಗೆ ಕೂಸನ್ನು ತಲೆಕೆಳಗೆ ಮಾಡಬೇಕಾಗಿಲ್ಲ. ನೆಟ್ಟಗೆ ಹಿಡಿದು ತೆಗೆದ ಒಂದು ಸಾದಾ ಪಟ ಸಾಕು. ಡ್ಯುಯೊಡಿನಮ್ ಮುಚ್ಚಿದ್ದರೆ ಪಟದಲ್ಲಿ ಎರಡು ಕಪ್ಪು ಗುಳ್ಳೆಗಳು ಮಾತ್ರ ಕಾಣುತ್ತವೆ: ಕೂಸಿನ ಎಡಕ್ಕೆ ಜಠರದ ದೊಡ್ಡ ಗುಳ್ಳೆ, ಬಲಕ್ಕೆ ಅದಕ್ಕಿಂತ ಚಿಕ್ಕದು, ಅವುಗಳ ಕೆಳಗೆ ಹೊಟ್ಟೆಯೆಲ್ಲ ಬೂದಿ ಬಣ್ಣದ ಮೌನ. ಒಮ್ಮೆ ಕಂಡವರು ಇದನ್ನು ಗುರುತಿಸಲು ತಪ್ಪುವುದಿಲ್ಲ. ವೈದ್ಯರ ಬಾಯಲ್ಲಿ ಇದು ಡಬಲ್ ಬಬಲ್. ಕೂಸು ಕಾರಿ ಗಾಳಿಯೆಲ್ಲ ಹೊರಹೋಗಿದ್ದರೆ, ಮೂಗಿನಿಂದ ಇಳಿಸಿದ ಸಣ್ಣ ನಳಿಕೆಯಲ್ಲಿ ಸ್ವಲ್ಪ ಗಾಳಿಯನ್ನು ಮೆಲ್ಲನೆ ಒತ್ತಿ ಮತ್ತೆ ಪಟ ತೆಗೆದರೆ ಆ ಜೋಡಿ ಮರಳಿ ಮೂಡುತ್ತದೆ. ಇನ್ನೂ ಕೆಳಗೆ ಮುಚ್ಚಿದ್ದರೆ ಮೂರು ಗುಳ್ಳೆ. ಮತ್ತೂ ಕೆಳಗಾದರೆ ಏಣಿಯ ಮೆಟ್ಟಿಲುಗಳಂತೆ ಹಲವು. ಗುಳ್ಳೆಗಳನ್ನು ಎಣಿಸಬಲ್ಲವರಿಗೆ ತಡೆಯ ಎತ್ತರ ತಿಳಿಯುತ್ತದೆ. ಇಂಥ ಕೂಸನ್ನು ಶಸ್ತ್ರದಿಂದ ಉಳಿಸಬಹುದೆಂಬುದನ್ನು 1905ರಲ್ಲಿ ಫ್ರಾನ್ಸಿನ ವಿದಾಲ್, 1914ರಲ್ಲಿ ಡೆನ್ಮಾರ್ಕಿನ ಎರ್ನ್ಸ್ಟ್ ತೋರಿಸಿಕೊಟ್ಟಿದ್ದರು.

ಆದರೆ ಪಟವನ್ನು ಕುರುಡಾಗಿ ನಂಬಬಾರದೆಂಬ ಪಾಠವೂ ಈ ಇತಿಹಾಸದಲ್ಲಿದೆ. ಗರ್ಭದ ಆರನೆಯ ವಾರದ ಸುಮಾರಿಗೆ ಭ್ರೂಣದ ಕರುಳು ಹೊಕ್ಕುಳಬಳ್ಳಿಯೊಳಕ್ಕೆ ಹೊರಟು, ಹತ್ತನೆಯ ವಾರದ ಹೊತ್ತಿಗೆ, ಮುಕ್ಕಾಲು ಸುತ್ತು ತಿರುಗಿ, ಒಳಗೆ ಮರಳಿ ತನ್ನ ಸ್ಥಾನದಲ್ಲಿ ಬೇರೂರುತ್ತದೆ. ಆ ಸುತ್ತು ಅರ್ಧಕ್ಕೆ ನಿಂತರೆ ಕರುಳು ಸಣ್ಣ ದಂಟಿನ ಮೇಲೆ ತೂಗುತ್ತ ಉಳಿದು, ಹುಟ್ಟಿದ ಮೇಲೆ ಯಾವಾಗ ಬೇಕಾದರೂ ತಿರುಚಿಕೊಂಡು, ರಕ್ತವಿಲ್ಲದೆ ಕೆಲವೇ ತಾಸುಗಳಲ್ಲಿ ಸಾಯಬಹುದು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ವಿಲಿಯಂ ಲ್ಯಾಡ್ ಇದಕ್ಕೆ ಸೂಚಿಸಿದ ಶಸ್ತ್ರಕ್ರಮವು 1936ರಲ್ಲಿ ಪ್ರಕಟವಾಗಿ ಇಂದಿಗೂ ಅವರ ಹೆಸರಿನಲ್ಲಿಯೇ ನಡೆದಿದೆ. ದುಷ್ಟತನವೆಂದರೆ, ಈ ತಿರುಚಿನಲ್ಲಿ ಸಾದಾ ಪಟವು ಕೆಲವೊಮ್ಮೆ ನಿರ್ದೋಷಿಯಂತೆ ತೋರುವುದುಂಟು. ಆದಕಾರಣವೇ, ಕೂಸು ಹಸಿರಾಗಿ ಕಾರಿತೆಂದರೆ, ಬೇರೆ ಕಾರಣ ಸಿದ್ಧವಾಗುವ ತನಕ ಅದು ಶಸ್ತ್ರವೈದ್ಯರು ನೋಡಬೇಕಾದ ತುರ್ತೆಂದು ಭಾವಿಸಿ, ಮೇಲಿನಿಂದ, ಪಟದಲ್ಲಿ ಎದ್ದು ಕಾಣುವ ದ್ರಾವಣವನ್ನು ಕೊಟ್ಟು ಕರುಳಿನ ತಿರುವನ್ನು ನೋಡಬೇಕೆಂಬ ನಿಯಮವು ನೆಲೆಗೊಂಡಿತು. ಹಿರ್ಷ್‌ಸ್ಪ್ರುಂಗ್ ವರ್ಣಿಸಿದ ವ್ಯಾಧಿಯಲ್ಲಿಯಾದರೋ ಕೆಳಗಿನಿಂದ ಬೇರಿಯಮ್ ಏರಿಸಿದಾಗ, ನರಕೋಶಗಳಿಲ್ಲದೆ ಸಂಕುಚಿತವಾದ ಕೆಳಭಾಗವೂ ಉಬ್ಬಿದ ಮೇಲ್ಭಾಗವೂ ಆಲಿಕೆಯ ಆಕಾರದಲ್ಲಿ ಕೂಡುವುದು ಕಾಣುತ್ತದೆ. ಉಬ್ಬಿದ ಕರುಳು ರೋಗಿಯೆಂದು ಅರುವತ್ತು ವರ್ಷ ತಿಳಿದಿದ್ದ ಲೋಕಕ್ಕೆ, ರೋಗವಿರುವುದು ಸಂಕುಚಿತವಾದ ಕೆಳಭಾಗದಲ್ಲಿ ಎಂದು ಮನಗಾಣಿಸಿ, ಅದನ್ನು ತೆಗೆದು ಆರೋಗ್ಯವಾದ ಕರುಳನ್ನು ಕೆಳಗೆಳೆದು ಹೊಲಿಯುವ ಕ್ರಮವನ್ನು ಆರ್ವರ್ ಸ್ವೆನ್ಸನ್ 1948ರಲ್ಲಿ ಪ್ರಕಟಿಸಿದರು.

ಈ ವಿದ್ಯೆಯಲ್ಲಿ ಭಾರತದ ಪಾಲೂ ಇದೆಯೆಂದು ಹೇಳಲು ನನಗೆ ಸಂತೋಷ. ತಲೆಕೆಳಗಾಗಿ ತೂಗಿದ ಕೂಸು ಕಾರಿಕೊಂಡರೆ ಅದು ಶ್ವಾಸನಾಳಕ್ಕೆ ಇಳಿಯಬಹುದು, ಉಸಿರಾಟಕ್ಕೂ ತೊಂದರೆ, ಎಳೆಯ ಜೀವಕ್ಕೆ ಅದು ಹಿಂಸೆ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ನರಸಿಂಹರಾವ್ ಮತ್ತು ಅವರ ಸಂಗಡಿಗರು 1983ರಲ್ಲಿ ಇದಕ್ಕೊಂದು ಪರ್ಯಾಯವನ್ನು ಪ್ರಕಟಿಸಿದರು: ಕೂಸನ್ನು ಬೋರಲು ಮಲಗಿಸಿ, ಸೊಂಟವನ್ನಷ್ಟು ಎತ್ತರಿಸಿ, ಸುಮಾರು ಮೂರು ನಿಮಿಷ ಬಿಟ್ಟು, ಕಿರಣವನ್ನು ಪಕ್ಕದಿಂದ ಅಡ್ಡಲಾಗಿ ಹಾಯಿಸಿದರೆ, ಗಾಳಿಯು ಅದೇ ತುದಿಗೆ ಏರಿ ಅದೇ ಸುದ್ದಿಯನ್ನು ಹೇಳುತ್ತದೆ. ತಲೆಕೆಳಗಾಗಿ ತೂಗುವ ಪದ್ಧತಿಯನ್ನು ಅನೇಕ ಆಸ್ಪತ್ರೆಗಳು ಬಿಟ್ಟವು. ಅದನ್ನು ಓದಿದಾಗ ನನಗೆ ನಮ್ಮ ಬಚ್ಚಲು ನೆನಪಾಯಿತು. ಬೆನ್ನು ತಿಕ್ಕಲು ಕೂಸನ್ನು ಕಾಲ ಮೇಲೆ ಬೋರಲು ಮಲಗಿಸುತ್ತಿದ್ದ ಅಜ್ಜಿಯ ಭಂಗಿಗೂ ಆ ಪಟದ ಭಂಗಿಗೂ ಎಷ್ಟು ಸಮೀಪ!

ಕರುಳು ಏಕೆ ಮುಚ್ಚುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಇನ್ನೊಂದು ಕಥೆ. ಭ್ರೂಣದ ಡ್ಯುಯೊಡಿನಮ್ ಒಂದು ಹಂತದಲ್ಲಿ ಜೀವಕೋಶಗಳಿಂದ ತುಂಬಿ ಮುಚ್ಚಿಹೋಗಿ ಮರಳಿ ತೆರೆದುಕೊಳ್ಳುತ್ತದೆಂದೂ, ಆ ತೆರೆಯುವಿಕೆ ತಪ್ಪಿದರೆ ದೋಷ ಉಳಿಯುವುದೆಂದೂ 1900ರಲ್ಲಿ ವಿಯೆನ್ನಾದ ಟಾಂಡ್ಲರ್ ಪ್ರತಿಪಾದಿಸಿದರು. ಅದಕ್ಕಿಂತ ಕೆಳಗಿನ ಸಣ್ಣಕರುಳಿನ ವಿಷಯದಲ್ಲಿ, ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದ ಯಾನ್ ಲೌ ಮತ್ತು ಕ್ರಿಸ್ಟಿಯಾನ್ ಬರ್ನಾರ್ಡ್ ಎಂಬ ವೈದ್ಯರು, ಗರ್ಭದಲ್ಲಿದ್ದ ನಾಯಿಮರಿಗಳ ಕರುಳಿನ ರಕ್ತನಾಳಗಳನ್ನು ಕಟ್ಟಿ, ಮನುಷ್ಯಶಿಶುಗಳಲ್ಲಿ ಕಾಣುವಂಥದೇ ತಡೆಯು ಉಂಟಾಗುವುದನ್ನು 1955ರಲ್ಲಿ ಲೋಕಕ್ಕೆ ತಿಳಿಸಿದರು. ಮುಂದೆ 1967ರಲ್ಲಿ ಮನುಷ್ಯನ ಹೃದಯವನ್ನು ಬದಲಿಸಿ ಖ್ಯಾತರಾದ ಬರ್ನಾರ್ಡ್ ಇವರೇ. ಗರ್ಭದ ಕತ್ತಲೆಯಲ್ಲಿ, ಯಾರ ತಪ್ಪೂ ಇಲ್ಲದೆ, ಎಳೆಯ ರಕ್ತನಾಳವೊಂದು ಮುಚ್ಚಿದ್ದರಿಂದ ಆದ ಅಪಘಾತವಿದು. ಗ್ರಹಣಕ್ಕೂ ಹಳ್ಳಕ್ಕೂ ಇದರಲ್ಲಿ ಪಾಲಿಲ್ಲ. ಹೆತ್ತವಳ ಮೇಲೆ ತಲೆತಲಾಂತರದಿಂದ ಹೊರಿಸಿದ್ದ ಅಪರಾಧದಿಂದ ಅವಳನ್ನು ಬಿಡುಗಡೆ ಮಾಡಿದ ಈ ಸಂಶೋಧನೆಯನ್ನು, ಜೀವಗಳನ್ನು ಉಳಿಸಿದ ಶಸ್ತ್ರಕ್ರಮಗಳ ಸಾಲಿನಲ್ಲಿಯೇ ನಾನು ಇಡುವೆನು.

ಇಷ್ಟೆಲ್ಲ ಜ್ಞಾನವು ಲೋಕದಲ್ಲಿ ಬೆಳೆಯುತ್ತಿದ್ದಾಗ ಅವರ್ಸೆಯ ಕೂಸಿಗೆ ಅದು ಎಷ್ಟು ದೂರದಲ್ಲಿತ್ತು ಎಂಬುದನ್ನು ನೋಡಬೇಕು. ನಮ್ಮ ಜಿಲ್ಲೆಯಾದ ಉತ್ತರ ಕನ್ನಡವು 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮಕ್ಕಳಿಗೆಂದೇ ಕಟ್ಟಿದ ವಾಡಿಯಾ ಆಸ್ಪತ್ರೆಯು ಮುಂಬಯಿಯ ಪರೇಲಿನಲ್ಲಿ 1929ರಲ್ಲಿ ಏರ್ಪಟ್ಟರೂ, ಅಲ್ಲಿಗೆ ಹೋಗಬೇಕಾದರೆ ಕಾರವಾರದ ಬಂದರಿನಲ್ಲಿ ಆಗಬೋಟು ಹತ್ತಬೇಕು. ಬಡಗಣ ಗೋವೆಯಲ್ಲಿ 1842ರಷ್ಟು ಹಳೆಯದಾದ ವೈದ್ಯಕೀಯ ಶಾಲೆಯಿತ್ತು. ಆದರೆ 1961ರ ಡಿಸೆಂಬರಿನವರೆಗೆ ಅದು ಪೋರ್ಚುಗೀಸರ ಪರರಾಜ್ಯ, ನಡುವೆ ಕಾಳಿ ನದಿ. ಮೂಡಲಲ್ಲಿ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರಲ್ಲಿ ಆರಂಭವಾಯಿತು. ಅಲ್ಲಿಗೆ ಅರಬೈಲು ಘಟ್ಟವನ್ನು ಹತ್ತಬೇಕು. ತೆಂಕಲಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು 1953ರಲ್ಲಿ ಹುಟ್ಟಿತು. ಅಲ್ಲಿಗೆ ಗಂಗಾವಳಿ, ಅಘನಾಶಿನಿ, ಶರಾವತಿಗಳನ್ನು ದಾಟಬೇಕು, ಸೇತುವೆಗಳು ಬರುವ ಮುಂಚೆ ಪ್ರತಿ ನದಿಯ ದಂಡೆಯಲ್ಲಿ ದೋಣಿಗೆ ಕಾಯಬೇಕು. ಆಷಾಢದ ನೆರೆಯಲ್ಲಿ ಹಸಿರು ಕಾರುವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ದಂಡೆಯಲ್ಲಿ ನಿಂತ ತಾಯಿಗೆ, ವ್ಯಾಂಗನ್‌ಸ್ಟೀನ್ ಇದ್ದರೇನು, ಲ್ಯಾಡ್ ಇದ್ದರೇನು? ಭಾರತದಲ್ಲಿ ಮಕ್ಕಳ ಶಸ್ತ್ರವೈದ್ಯರು ತಮ್ಮದೇ ಸಂಘವನ್ನು ಕಟ್ಟಿಕೊಂಡದ್ದೇ 1965ರಲ್ಲಿ. ಶಸ್ತ್ರದ ಬಳಿಕ ಕರುಳು ಕೆಲಸಕ್ಕೆ ಹತ್ತುವವರೆಗೆ ರಕ್ತನಾಳದ ಮೂಲಕವೇ ಕೂಸಿಗೆ ಪೂರ್ಣಾಹಾರ ಕೊಟ್ಟು ಬೆಳೆಸಬಹುದೆಂಬುದನ್ನು, ಸಣ್ಣಕರುಳು ಬಹುಪಾಲು ಇಲ್ಲದೆ ಹುಟ್ಟಿದ ಹೆಣ್ಣು ಶಿಶುವೊಂದರಲ್ಲಿ ಫಿಲಡೆಲ್ಫಿಯಾದ ಡಡ್ರಿಕ್ ಮತ್ತು ವಿಲ್ಮೋರ್ ತೋರಿಸಿದ್ದು 1968ರಲ್ಲಿ.

ಈಗ ದಾರಿ ಬದಲಾಗಿದೆ. ನದಿಗಳ ಮೇಲೆ ಸೇತುವೆಗಳಿವೆ. 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲು ಪಕ್ಕದ ಹಾರವಾಡದಲ್ಲಿ ನಿಲ್ಲುತ್ತದೆ. 2008ರಿಂದ 108ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ. ಕಾರವಾರದಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜೇ ಇದೆ. ಗರ್ಭದಲ್ಲಿರುವಾಗಲೇ ಶಬ್ದತರಂಗಗಳಿಂದ ಆ ಎರಡು ಗುಳ್ಳೆಗಳನ್ನು ಕಾಣುವುದು 1970ರ ದಶಕದಿಂದ ಸಾಧ್ಯವಾಗಿದೆ. ಅಲ್ಲಿ ಗುಳ್ಳೆಯೊಳಗೆ ಗಾಳಿಯ ಬದಲು ಕೂಸು ನುಂಗಿದ ಗರ್ಭೋದಕವಿರುತ್ತದೆ. ಆದರೂ ಎಳೆಯ ಕೂಸಿನ ಕರುಳನ್ನು ಬಿಡಿಸಿ ಹೊಲಿಯಬಲ್ಲ ಕೈಗಳಿಗಾಗಿ ನಮ್ಮವರು ಇಂದಿಗೂ ಗೋವೆಗೆ, ಮಣಿಪಾಲಕ್ಕೆ, ಮಂಗಳೂರಿಗೆ, ಹುಬ್ಬಳ್ಳಿಗೆ ಓಡುತ್ತಾರೆ. ಜಿಲ್ಲೆಯಲ್ಲಿಯೇ ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಬೀದಿಗಿಳಿದು ಕೇಳಿದ್ದು ಈ ಓಟದ ದಣಿವಿನಿಂದಲೇ. ಆ ಬೇಡಿಕೆ ನ್ಯಾಯವಾದುದೆಂದು ನಾನು ಮನಸಾರೆ ನಂಬಿದ್ದೇನೆ. ತಿರುಚಿಕೊಂಡ ಕರುಳಿಗೆ ಹೆದ್ದಾರಿಯ ಪ್ರತಿಯೊಂದು ಮೈಲಿಯೂ ರಕ್ತವಿಲ್ಲದ ನಿಮಿಷಗಳು.

ಸೂಲಗಿತ್ತಿಯ ಕಾಲ ಮುಗಿದು ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋಗಿವೆ. ಅವಳ ಹೊಸಿಲಿಗೆ ಈಗ ಆಶಾ ಕಾರ್ಯಕರ್ತೆ ಬರುತ್ತಾಳೆ. ಕೂಸು ಹುಟ್ಟಿದ ಮೂರನೆಯ ದಿನ, ಏಳನೆಯ ದಿನ, ಹೀಗೆ ನಲವತ್ತೆರಡನೆಯ ದಿನದವರೆಗೆ ಮನೆಗೆ ಬಂದು ನೋಡುವುದು ಅವಳ ಕರ್ತವ್ಯ. ಅವಳೂ ಕೇಳಬೇಕಾದದ್ದು ಅಜ್ಜಿಯ ಅದೇ ಪ್ರಶ್ನೆಯನ್ನು. ನೋಡಬೇಕಾದದ್ದು ಅದೇ ಬಟ್ಟೆಯನ್ನು. ವ್ಯತ್ಯಾಸವಿರುವುದು ಉತ್ತರ ಬಂದ ಮೇಲಿನ ನಡೆಯಲ್ಲಿ. ಬಟ್ಟೆ ಒಣಗಿದ್ದು, ಕೂಸು ಹಸಿರು ಕಾರಿದ್ದರೆ, ಹರಳೆಣ್ಣೆಯಾಗಲಿ ಜೇನಾಗಲಿ ನಾಲಗೆಗೆ ಸೋಕಿಸಬಾರದು, ಹಾಲನ್ನೂ ಕುಡಿಸಬಾರದು, ತಾಯಿಯ ಎದೆಗೊತ್ತಿ ಬೆಚ್ಚಗಿಟ್ಟುಕೊಂಡು ತಡಮಾಡದೆ ಹೊರಡಬೇಕು. ಆ ಎದೆಯ ಶಾಖದಲ್ಲಿ ಅಳುತ್ತ ಹೋಗುವ ಕೂಸು ದಾರಿಯುದ್ದಕ್ಕೂ ಗಾಳಿಯನ್ನು ನುಂಗುತ್ತಲೇ ಇರುತ್ತದೆ. ಆಸ್ಪತ್ರೆಯ ಪಟದ ಮೇಲೆ ತನ್ನ ಸಂಕಟದ ಠಾವನ್ನು ತೋರಿಸಿಕೊಡಲು ಬೇಕಾದದ್ದು ಅದಕ್ಕೆ ಅಷ್ಟೇ. ಕೂಸಿಗೆ ಗಾಳಿ ಸೋಕಿದೆ ಎಂದರು ನಮ್ಮ ಹಿರಿಯರು. ಹೌದು, ಸೋಕಿದೆ, ಅದು ಹೇಳುವುದನ್ನು ಕೇಳಬಲ್ಲವರ ಬಳಿಗೆ ಹೊತ್ತಿಗೆ ಸರಿಯಾಗಿ ಕೂಸನ್ನು ಮುಟ್ಟಿಸುವುದಷ್ಟೇ ನಮ್ಮ ಕೆಲಸ.